ನೂಲಿನೊಳಗೆ ಸಿಕ್ಕ ಕೂದಲು

ಅಮೀರ್ ಆ ಲಡಿಯನ್ನು ನೆಲಕ್ಕೆ ಎಸೆಯಲಿಲ್ಲ. ಎಸೆದಿದ್ದರೆ ವಾಸಿಯಾಗಿತ್ತು, ಎಸೆಯುವ ಸಿಟ್ಟು ಅರ್ಧ ಗಳಿಗೆಗೆ ಇಳಿದುಹೋಗುತ್ತದೆ. ಅವನು ರೇಷ್ಮೆ ನೂಲಿನ ಲಡಿಯನ್ನು ಎರಡೂ ಅಂಗೈ ಮೇಲೆ ಹೊತ್ತು ತಂದು, ಗೂಡು ಆರಿಸುವ ಮಂಚದ ಮೇಲೆ ಮೆಲ್ಲಗೆ ಇಟ್ಟು, "ರಾಟೆ ನಿಲ್ಸಿ, ಎಲ್ರೂ ಬನ್ನಿ" ಅಂದ. ರಂಜಾನ್ ಉಪವಾಸದ ದಿನಗಳು. ಗುರುವಾರ ಮಧ್ಯಾಹ್ನ ಮೂರು ಗಂಟೆ. ಆ ಹೊತ್ತಿನಲ್ಲಿ ಅವನು ಕೂಗಾಡುವುದನ್ನು ಎಲ್ಲರೂ ಕೇಳಿದ್ದರು, ಮೆಲ್ಲಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ರಾಮನಗರದ ಅಮೀರನ ಆ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ನೂಲು ಬಿಚ್ಚುತ್ತಿದ್ದ ವರಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಎಲ್ಲರಿಗಿಂತ ಹಿಂದೆ ಹೋಗಿ ನಿಂತಳು.

"ಎರಡನೇ ಸಲ ವಾಪಸ್ ಬಂತು," ಅಂದ ಅಮೀರ್. "ಹೋದ ವಾರ ನೂಲು ಕೊಳ್ಳೋರಿಗೆ ಒಂದು ಕೂದಲು ಸಿಕ್ತು, ಲಡಿ ವಾಪಸ್ ಕೊಟ್ಟು ಹೋಗ್ಲಿ ಅಂತ ಬುಟ್ರು. ಇವತ್ತು ಲಡಿ ಬಿಡಿಸಿ ಹತ್ತು ಜನದ ಮುಂದೆ ಎಳೆದು ತೋರಿಸಿದ್ರು. ಅಮೀರ್ ಸಾಬ್, ನೂಲು ತೆಗೀತೀರೋ, ಕಟಿಂಗ್ ಶಾಪ್ ಇಟ್ಟಿದ್ದೀರೋ ಅಂದ್ರು. ಇನ್ನೊಂದ್ ಸಲ ಆದ್ರೆ ನಮ್ಮ ನೂಲಿನ ಕಡೆ ತಿರುಗಿ ನೋಡಲ್ವಂತೆ."

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಒಂದು ಕೂದಲಿಗೆ ಇಷ್ಟು ರಾದ್ಧಾಂತವೇ ಅನ್ನುತ್ತಾರೆ, ಅನ್ನದಲ್ಲಿ ಸಿಕ್ಕರೆ ತಟ್ಟೆ ತಳ್ಳುವ ಜನವೇ ಅನ್ನುತ್ತಾರೆ. ರೇಷ್ಮೆ ಗೂಡನ್ನು ಬೇಸನ್ನಿನ ಬಿಸಿನೀರಿನಲ್ಲಿ ಬೇಯಿಸಿ, ಹತ್ತಾರು ಗೂಡುಗಳಿಂದ ಕಣ್ಣಿಗೆ ಕಾಣದಂಥ ಎಳೆಗಳನ್ನು ಎತ್ತಿ, ಸಣ್ಣ ತೂತಿನಲ್ಲಿ ತೂರಿಸಿ ರಾಟೆಗೆ ಕೊಟ್ಟರೆ ಅವೆಲ್ಲ ಒಂದಕ್ಕೊಂದು ಅಂಟಿಕೊಂಡು ಒಂದು ನೂಲಾಗುತ್ತದೆ. ಆ ನೀರಿಗೆ ಕೂದಲೊಂದು ಬಿದ್ದರೆ ಅದೂ ಎಳೆಯ ಜೊತೆ ಅಂಟಿಕೊಂಡು ಮೇಲೆ ಹೋಗುತ್ತದೆ. ರಾಟೆ ತಿರುಗುವ ರಭಸದಲ್ಲಿ ಕಾಣುವುದಿಲ್ಲ. ಮುಂದೆ ಮಗ್ಗದ ಮೇಲೆ ನೂಲು ತುಂಡಾಗುತ್ತದೆ, ಬಣ್ಣ ಹಾಕಿದರೆ ಎಲ್ಲವೂ ಕೆಂಪಾಗಿ ಅದೊಂದು ಕರ್ರಗೆ ಉಳಿಯುತ್ತದೆ. ಯಾರ ಮದುವೆ ಸೀರೆಯಲ್ಲೋ ಯಾರ ತಲೆಗೂದಲೋ.

ಅಮೀರ್ ಕನ್ನಡಕ ಏರಿಸಿ ಎಳೆಗಳ ನಡುವಿನಿಂದ ಕೂದಲನ್ನು ಬಿಡಿಸಿ ಎತ್ತಿ ಹಿಡಿದ. ಮೊಳಕ್ಕಿಂತ ಉದ್ದವಿತ್ತು. "ಇದು ಕೊನೇ ಬೇಸನ್ನಿನ ಲಡಿ," ಅಂದ.

ಕೊನೆಯ ಬೇಸನ್ನಿನಲ್ಲಿ ಕೂರುವವರು ಇಬ್ಬರು. ಒಬ್ಬಳು ವರಲಕ್ಷ್ಮಮ್ಮ. ಇನ್ನೊಬ್ಬಳು ಅವಳ ಪಕ್ಕದಲ್ಲಿ ಕೂತು ಒಂದು ವರ್ಷದಿಂದ ಕೆಲಸ ಕಲಿಯುತ್ತಿದ್ದ ಚಿನ್ನಮ್ಮ, ಕೆಂಗಲ್‌ನಿಂದ ದಿನಾ ಬಸ್ಸಿನಲ್ಲಿ ಬರುವ ಹತ್ತೊಂಬತ್ತರ ಹುಡುಗಿ. ಚಿನ್ನಮ್ಮನ ಜಡೆ ಸೊಂಟ ದಾಟಿತ್ತು. ತಲೆಗೆ ಬಟ್ಟೆ ಕಟ್ಟಿದರೂ ಜಡೆಯ ತುದಿ ಹೊರಗೆ ಇಣುಕುತ್ತಿತ್ತು. ವರಲಕ್ಷ್ಮಮ್ಮ ಗಂಟು ಹಾಕಿ, ಮೇಲೆ ಒದ್ದೆ ಬಟ್ಟೆ ಬಿಗಿದು ಕೂರುವವಳು. ಹನ್ನೊಂದು ವರ್ಷದಲ್ಲಿ ಅವಳ ಕೂದಲನ್ನು ಆ ಶೆಡ್ಡಿನಲ್ಲಿ ಕಂಡವರಿಲ್ಲ. ಎಲ್ಲರ ಕಣ್ಣೂ ಚಿನ್ನಮ್ಮನ ಕಡೆ ತಿರುಗಿದವು.

"ನಂದಲ್ಲ ಅಮೀರಣ್ಣ," ಅಂದಳು ಚಿನ್ನಮ್ಮ.

"ನಂದಾ ಹಂಗಾದ್ರೆ? ನನ್ನ ಗಡ್ಡ ಇಷ್ಟುದ್ದ ಐತಾ?"

ಯಾರೋ ಕಿಸಕ್ಕೆಂದು ನಕ್ಕರು. ವರಲಕ್ಷ್ಮಮ್ಮ ಮಾತ್ರ ಅಮೀರನ ಬೆರಳಿನ ತುದಿಯನ್ನೇ ನೋಡುತ್ತಿದ್ದಳು. ಆ ಕೂದಲು ಬುಡದ ಕಡೆ ಎರಡು ಅಕ್ಕಿಕಾಳಿನಷ್ಟು ಉದ್ದ ಬೆಳ್ಳಗಿತ್ತು. ಬೆಳ್ಳನೆಯ ನೂಲಿನ ಪಕ್ಕದಲ್ಲಿ ಅದು ಅಮೀರನ ಕನ್ನಡಕಕ್ಕೆ ಬೀಳಲಿಲ್ಲ. ಆದರೆ ತಿಂಗಳಿಗೊಂದು ಸಲ ಕಪ್ಪು ಮೆಹೆಂದಿ ಹಚ್ಚಿಕೊಳ್ಳುತ್ತಿದ್ದ ಮೂವತ್ತೊಂಬತ್ತು ವರ್ಷದ ಹೆಂಗಸಿಗೆ ತನ್ನ ಕೂದಲು ಗುರುತಾಗದೆ ಇರುತ್ತದೆಯೇ?

"ಶನಿವಾರ ಬೆಳಗ್ಗೆ ಈ ಶೆಡ್ಡಿಗೆ ಆ ಜಡೆ ಬರಬಾರದು," ಅಂದ ಅಮೀರ್. "ಜಡೆ ಬುಟ್ಟು ನೀನು ಬಾ. ಇಲ್ಲ, ಜಡೆ ಜೊತೆ ಮನೇಲಿರು."

ವರಲಕ್ಷ್ಮಮ್ಮ ಬಾಯಿ ತೆರೆದಳು. ಮತ್ತೆ ಮುಚ್ಚಿ ತನ್ನ ಜಾಗಕ್ಕೆ ಹೋಗಿ ಕೂತಳು. ರಾಟೆಗಳು ಮತ್ತೆ ತಿರುಗಿದವು.

ಅವಳೇನೂ ಮೋಸದ ಹೆಂಗಸಲ್ಲ. ಹೊಂಗನೂರಿನಲ್ಲಿ ಹುಟ್ಟಿದವಳು, ಹುಳು ಸಾಕುವ ಮನೆ. ನಡೆಯಲು ಬಂದಾಗಿನಿಂದ ಸೊಪ್ಪು ಹೊತ್ತಿದ್ದಳು. ರಾಮನಗರಕ್ಕೆ ಮದುವೆಯಾಗಿ ಬಂದ ಮೇಲೆ ಬೇಸನ್ನಿನ ಮುಂದೆ ಕೂತಳು. ಕುದಿಯುವ ನೀರಿನಿಂದ ಎಳೆಯ ತುದಿ ಹಿಡಿಯುವುದರಲ್ಲಿ ಅವಳ ಬೆರಳಿಗೆ ಸಮನಾದ ಬೆರಳು ಆ ಬೀದಿಯಲ್ಲೇ ಇರಲಿಲ್ಲ. ಆ ಬೆರಳುಗಳ ಗೆರೆ ಎಷ್ಟು ಸವೆದಿತ್ತೆಂದರೆ, ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದಾಗ ಬರೀ ಮಸಿಯ ಬೊಟ್ಟು ಮೂಡಿ, ಅಲ್ಲಿದ್ದವನು "ಇದೇನಮ್ಮ, ದೋಸೆ ಹುಯ್ದಂಗೆ ಐತೆ" ಅಂದಿದ್ದ. ಗಂಡ ಗಂಗಹನುಮಯ್ಯ ಲಗೇಜು ಆಟೋದಲ್ಲಿ ಗೂಡಿನ ಚೀಲ ಸಾಗಿಸುತ್ತಿದ್ದವನು. ಆ ವರ್ಷ, ಅಂದರೆ 2006ರಲ್ಲಿ, ಆಷಾಢದ ಹೊತ್ತಿಗೆ ಕೀಲು ಹಿಡಿಯುವ ಜ್ವರ ಬೀದಿಯನ್ನೇ ಮಲಗಿಸಿತು. ಚಿಕುನ್‌ಗುನ್ಯ ಅಂದರು. ಗಂಡನಿಗೂ ಬಂತು, ಅವಳಿಗೂ ಬಂತು. ಅವಳು ಹನ್ನೆರಡನೇ ದಿನ ಎದ್ದು ಕೆಲಸಕ್ಕೆ ಹೋದಳು. ಅವನ ಮಣಿಕಟ್ಟು ಇನ್ನೂ ಊದಿಕೊಂಡೇ ಇತ್ತು, ಆಟೋದ ಹ್ಯಾಂಡಲ್ ತಿರುಗಿಸಲು ಆಗುತ್ತಿರಲಿಲ್ಲ. ಮನೆಗೆ ಬರುವ ಕೂಲಿ ಅಂದರೆ ಆ ಕೊನೆಯ ಬೇಸನ್ನಿನದೊಂದೇ. ಅದು ಹೋದರೆ ಏನೂ ಇಲ್ಲ. ಬಾಯಿ ಕಟ್ಟಿದ್ದು ಅದಕ್ಕೆ.

ಕೂದಲು ಉದುರಲು ಶುರುವಾದದ್ದು ಗೌರಿ ಹಬ್ಬದ ಆಸುಪಾಸು. ಮೊದಲು ಬಾಚಣಿಗೆಯಲ್ಲಿ, ಆಮೇಲೆ ದಿಂಬಿನ ಮೇಲೆ, ಆಮೇಲೆ ಸುಮ್ಮನೆ ಕೈಯಾಡಿಸಿದರೂ ಬೆರಳ ಸಂದಿಯಲ್ಲಿ. ತಲೆಗೆ ನೀರು ಹಾಕಿಕೊಂಡ ದಿನ ಬಚ್ಚಲ ತೂತು ಕಟ್ಟಿಕೊಳ್ಳುತ್ತಿತ್ತು. ಅವಳು ಅದನ್ನು ಉಂಡೆ ಮಾಡಿ, ಯಾರೂ ನೋಡದಂತೆ ಒಲೆಗೆ ಹಾಕುತ್ತಿದ್ದಳು. ಆ ವಾಸನೆಗೆ ಅತ್ತೆ ದೊಡ್ಡಲಕ್ಷ್ಮಮ್ಮ, "ಕುರಿ ಕಾಲು ಸುಡ್ತಾ ಇದ್ದೀಯೇನೆ ಶುಕ್ರವಾರದ ದಿನ" ಅಂತ ಒಳಗಿನಿಂದ ಕೂಗುತ್ತಿದ್ದಳು.

ಮಾಡದ ಉಪಾಯ ಉಳಿದಿರಲಿಲ್ಲ. ದಾಸವಾಳದ ಎಲೆ ಅರೆದು ಹಚ್ಚಿದಳು. ಮೆಂತ್ಯ ನೆನೆಹಾಕಿ ಹಚ್ಚಿದಳು. ಈರುಳ್ಳಿ ರಸ ಹಚ್ಚಿ, ಆ ನಾತಕ್ಕೆ ಗಂಡ ಹೊರಗೆ ಮಲಗಿದ. ಬಸ್ ಸ್ಟ್ಯಾಂಡಿನಲ್ಲಿ ಮೊಣಕಾಲುದ್ದ ಕೂದಲಿನ ಹೆಂಗಸಿನ ಚಿತ್ರ ಅಂಟಿಸಿದ ಎಣ್ಣೆ ಸೀಸೆ ಕೊಂಡಳು. ಮಾರುವವನ ತಲೆ ತಾಮ್ರದ ತಂಬಿಗೆಯಂತೆ ಹೊಳೆಯುತ್ತಿತ್ತು, ಅದನ್ನು ನೋಡಿಯಾದರೂ ಬುದ್ಧಿ ಬರಬೇಡವೇ? ಬರಲಿಲ್ಲ. ಹೆದರಿದವರಿಗೆ ಕಣ್ಣು ಕಾಣಿಸುವುದಿಲ್ಲ. ಕಪ್ಪು ಮೆಹೆಂದಿಯೇ ಕಾರಣವೆಂದು, ಜ್ವರ ಬಂದಾಗ ನಿಂತಿದ್ದ ಅದನ್ನು ಮತ್ತೆ ಹಚ್ಚಲಿಲ್ಲ, ಬುಡದ ಬಿಳುಪು ಹಾಗೇ ಉಳಿಯಿತು, ಉದುರುವುದು ನಿಲ್ಲಲಿಲ್ಲ. ಬೋರ್‌ವೆಲ್ ನೀರೇ ಕಾರಣವೆಂದು ದೂರದ ನಲ್ಲಿಯಿಂದ ಹೊತ್ತು ತಂದಳು. ಬೇಸನ್ನಿಗೆ ಬೀಳದಿರಲೆಂದು ಬಟ್ಟೆಯನ್ನು ಇನ್ನೂ ಬಿಗಿದಳು. ಎಷ್ಟು ಬಿಗಿದಳೆಂದರೆ ಸಂಜೆ ಬಿಚ್ಚಿದಾಗ ಕೆನ್ನೆಪಕ್ಕದಲ್ಲಿ ಗುಳ್ಳೆ ಎದ್ದಿರುತ್ತಿತ್ತು, ಬಟ್ಟೆಯ ಜೊತೆಗೇ ಒಂದು ಹಿಡಿ ಬರುತ್ತಿತ್ತು.

ಇದರ ಮೇಲೆ ಮಾರಕ್ಕನ ಮಾತು ಬೇರೆ. ಮಾರಕ್ಕ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು, ಒಲೆ ನೋಡಿಕೊಳ್ಳುವವಳು. ಗುರುವಾರ ಅಮೀರ್ ಅತ್ತ ಹೋದದ್ದೇ ಅವಳು ದನಿ ತಗ್ಗಿಸಿದಳು.

"ನಾನು ಹೇಳ್ತೀನಿ ಕೇಳ್ರಮ್ಮಿ. ಇದು ಹುಳದ ಶಾಪ. ದಿನಕ್ಕೆ ಎಷ್ಟು ಸಾವಿರ ಹುಳ ಬೇಯಿಸ್ತೀವಿ ನಾವು? ಅದರ ಮೈಮೇಲಿನ ಎಳೆ ನಾವು ಬಿಚ್ಚಿದಂಗೆ ನಮ್ಮ ತಲೆ ಮೇಲಿನ ಎಳೆ ಅದು ಬಿಚ್ತಾ ಐತೆ."

"ನಿಂಗೂ ಉದುರ್ತಾ ಐತಾ ಮಾರಕ್ಕ?" ಅಂತ ಯಾರೋ ಕೇಳಿದರು.

"ನಂಗ್ಯಾಕೆ ಉದುರುತ್ತೆ," ಅಂತ ಮಾರಕ್ಕ ತಲೆಯ ಬಟ್ಟೆ ಸರಿಮಾಡಿಕೊಂಡಳು.

ಚಿನ್ನಮ್ಮ ಬೇಸನ್ನಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ಅಳುತ್ತಿರಲಿಲ್ಲ. "ಅಕ್ಕ," ಅಂದಳು ವರಲಕ್ಷ್ಮಮ್ಮನಿಗೆ, "ನೀನಾದ್ರೂ ಅಮೀರಣ್ಣಂಗೆ ಒಂದು ಮಾತು ಹೇಳು. ನಿನ್ನ ಮಾತು ಕೇಳ್ತಾರೆ. ನಾನು ನಿನ್ನ ಪಕ್ಕದಲ್ಲೇ ಇರ್ತೀನಲ್ಲ, ನಂದು ಬೀಳೋದು ನೀನು ನೋಡಿದ್ದೀಯ?"

"ಇಲ್ಲ ಕಣಮ್ಮಿ."

"ಮತ್ತೆ ಹೇಳು."

"ಹೇಳ್ತೀನಿ. ಒಸಿ ಸಿಟ್ಟು ಇಳೀಲಿ."

ಹೇಳಲಿಲ್ಲ. ಅವತ್ತು ಸಂಜೆಯವರೆಗೂ ಅಮೀರ್ ಎರಡು ಸಲ ಪಕ್ಕದಲ್ಲೇ ಹಾದುಹೋದ, ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಶೆಡ್ಡು ಮುಚ್ಚುತ್ತದೆ. ವರಲಕ್ಷ್ಮಮ್ಮ ಮನೆಗೆ ಹೋಗದೆ ನೇರ ನರ್ಸ್ ಸರಸಮ್ಮನ ಹತ್ತಿರ ಹೋದಳು. ಸರಸಮ್ಮ ಬೀದಿಯ ಮಕ್ಕಳಿಗೆಲ್ಲ ಸೂಜಿ ಚುಚ್ಚಿ ದೊಡ್ಡವರನ್ನು ಮಾಡಿದವಳು, ನಾಲಿಗೆಯೂ ಸೂಜಿಯಂಥದೇ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತಿದ್ದಳು.

ವರಲಕ್ಷ್ಮಮ್ಮ ಬಾಗಿಲು ಮುಂದೆ ಮಾಡಿ, ಬಟ್ಟೆ ಬಿಚ್ಚಿ, ಗಂಟು ಬಿಚ್ಚಿದಳು. "ಅಮ್ಮ, ನನಗೆ ಯಾವುದೋ ದೊಡ್ಡ ಕಾಯಿಲೆ ಐತೆ. ಮನೇಲಿ ಹೇಳಬೇಡಿ."

"ಕಾಯಿಲೆ ಹೆಸರು ನೀನೇ ಹೇಳೋದಾದ್ರೆ ನಾನ್ಯಾಕೆ ಇಲ್ಲಿ ಕೂತಿರ್ಲಿ? ಬಾ ಇಲ್ಲಿ, ಬೆಳಕಿಗೆ."

ಸರಸಮ್ಮ ಅವಳ ಬೈತಲೆ ಸರಿಸಿ ಸರಿಸಿ ನೋಡಿದಳು. ಬೋಳು ಬಿಲ್ಲೆ ಎಲ್ಲಾದರೂ ಇದೆಯೇ ಎಂದು ಬೆರಳಾಡಿಸಿದಳು. ನವೆ, ಉರಿ, ಹೊಟ್ಟು ಕೇಳಿದಳು. ಆಮೇಲೆ ಐವತ್ತು ಅರವತ್ತು ಕೂದಲಿನಷ್ಟು ಒಂದು ಚಿಟಿಕೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದಳು. ಒಂಬತ್ತು ಕೈಗೆ ಬಂದವು. ಇನ್ನೊಂದು ಕಡೆ ಎಳೆದಳು. ಎಂಟು.

"ದಿನಕ್ಕೆ ಐವತ್ತರಿಂದ ನೂರು ಕೂದಲು ಎಲ್ಲರಿಗೂ ಉದುರುತ್ತೆ. ನನಗೂ ಉದುರುತ್ತೆ, ಮಹಾರಾಣಿಗೂ ಉದುರುತ್ತೆ. ಅದು ಕಾಯಿಲೆ ಅಲ್ಲ. ನಿಂದು ಅದಕ್ಕಿಂತ ಜಾಸ್ತಿ ಐತೆ, ನಿಜ." ಸರಸಮ್ಮ ಒಂದು ಕೂದಲನ್ನು ಬೆಳಕಿಗೆ ಹಿಡಿದಳು. "ತುದೀಲಿ ಈ ಸಣ್ಣ ಗುಂಡಗಿರೋದು ನೋಡಿದ್ಯಾ?"

"ಬೇರು ಸಮೇತ ಕಿತ್ತು ಬತ್ತಾ ಐತೆ ಅಮ್ಮ. ಇನ್ನು ಬೆಳೆಯಲ್ಲ."

"ಇದು ಬೇರಲ್ಲ. ಬೇರು ಒಳಗೇ ಐತೆ. ಹೇಳು, ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು ನಿನಗೆ?"

"ಏನೂ ಇಲ್ಲ."

"ಹೆರಿಗೆ, ಆಪರೇಷನ್, ಜ್ವರ, ಯಾವುದಾದರೂ ದೊಡ್ಡ ದುಃಖ, ಹೊಸ ಮಾತ್ರೆ?"

"ಜ್ವರ ಬಂದಿತ್ತು. ಕೀಲು ಹಿಡಿಯೋದು. ಅದು ಆಗಲೇ ಹೋಯ್ತಲ್ಲ ಅಮ್ಮ."

"ಅದು ಹೋಯ್ತು, ಅದರ ಬಾಲ ಈಗ ಬಂತು," ಅಂದಳು ಸರಸಮ್ಮ. "ಕೂದಲಿಗೂ ಒಂದು ಲೆಕ್ಕ ಐತೆ. ಕೆಲವು ವರ್ಷ ಬೆಳೆಯುತ್ತೆ, ಆಮೇಲೆ ಎರಡು ಮೂರು ತಿಂಗಳು ಬೆಳೀದೆ ಸುಮ್ನೆ ಕೂತಿರುತ್ತೆ, ಆಮೇಲೆ ಉದುರುತ್ತೆ. ಮಾಮೂಲಿ ದಿನದಲ್ಲಿ ಇವತ್ತು ಇದು, ನಾಳೆ ಅದು. ಅಂಥ ಜ್ವರ ಬಡಿದಾಗ ಎಷ್ಟೋ ಕೂದಲು ಒಟ್ಟಿಗೇ ಬೆಳೆಯೋದು ನಿಲ್ಲಿಸಿಬಿಡುತ್ತೆ. ನಿಂತದ್ದೆಲ್ಲ ಮೂರು ತಿಂಗಳಿಗೆ ಒಟ್ಟಿಗೇ ಉದುರುತ್ತೆ. ಜನಕ್ಕೆ ಅಷ್ಟು ಹೊತ್ತಿಗೆ ಜ್ವರ ಮರೆತಿರುತ್ತೆ, ನೀರನ್ನ ಬೈತಾರೆ, ಸೋಪನ್ನ ಬೈತಾರೆ, ಪಕ್ಕದ ಮನೆಯವಳನ್ನ ಬೈತಾರೆ."

ಆಮೇಲೆ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಉಗುರು ನೋಡಿದಳು. "ರಕ್ತವೇ ಇಲ್ವಲ್ಲೇ. ಏನು ತಿಂತೀಯ?"

"ಗಂಜಿ. ನೀರು ಸಾರು, ಅನ್ನ. ಅತ್ತೆ ಪಥ್ಯ ಮಾಡಿಸ್ತಾ ಅವ್ಳೆ. ಮುದ್ದೆ ತಿಂದ್ರೆ ಕೀಲು ಹಿಡಿಯುತ್ತೆ ಅಂತ, ಸೊಪ್ಪು ವಾಯು ಅಂತ, ಮೊಟ್ಟೆ ನಂಜು ಅಂತ."

"ಜ್ವರ ಬಿಟ್ಟು ಮೂರು ತಿಂಗಳಾಯ್ತು, ಇನ್ನೂ ಗಂಜಿ. ಮುದ್ದೆ ತಿಂದು ಬೆಳೆದ ಮೈಗೆ ಮುದ್ದೆ ನಂಜಂತೆ." ಸರಸಮ್ಮನಿಗೆ ನಿಜವಾಗಲೂ ಕೋಪ ಬಂದಿತ್ತು. "ನಿಮ್ಮತ್ತೇನ ಕಳಿಸು ಇಲ್ಲಿಗೆ, ನಾನು ಪಥ್ಯ ಹೇಳ್ತೀನಿ. ಮುದ್ದೆ, ಸೊಪ್ಪು, ಕಾಳು, ಮೊಟ್ಟೆ, ಇವತ್ತಿಂದಲೇ. ಸೋಮವಾರ ಬಂದು ರಕ್ತ ಕೊಡು. ಡಾಕ್ಟರಮ್ಮಂಗೆ ಬರ್ದು ಕೊಡ್ತೀನಿ, ಥೈರಾಯ್ಡೂ ನೋಡ್ಲಿ, ಅದು ಕೆಟ್ಟರೂ ಉದುರುತ್ತೆ. ಮತ್ತೆ ಈ ಬಟ್ಟೇನ ಯಾಕೆ ನೇಣು ಹಾಕಿದಂಗೆ ಬಿಗಿದಿದ್ದೀಯ? ಕಿವಿ ಪಕ್ಕ ನೋಡು, ಇಲ್ಲಿ ಉದುರಿಲ್ಲ, ಎಳೆದೆಳೆದು ತುಂಡಾಗಿದೆ. ಒದ್ದೆ ಕೂದಲು ಕಟ್ಟಬೇಡ, ಸಡಿಲ ಬಿಡು."

"ಬೆಳೆಯುತ್ತಾ ಅಮ್ಮ?"

"ಬೆಳೆಯುತ್ತೆ. ಈಗಲೇ ಹಣೆ ಮೇಲೆ ಸಣ್ಣ ಮೊಳಕೆ ಕಾಣ್ತಾ ಐತೆ."

ಕೂದಲು ಉದುರಲು ಶುರುವಾದ ಮೇಲೆ ಮೊದಲ ಸಲ ವರಲಕ್ಷ್ಮಮ್ಮನ ಎದೆ ಹಗುರಾಯಿತು. ಹಗುರಾದದ್ದು ಒಂದೇ ಗಳಿಗೆ.

"ಯಾವತ್ತು ನಿಲ್ಲುತ್ತೆ? ನಾಳೆ ನಾಳಿದ್ದಕ್ಕೆ ನಿಲ್ಲುತ್ತಾ?"

"ನಾಳೇನಾ? ಇನ್ನೂ ಎರಡು ಮೂರು ತಿಂಗಳು ಉದುರುತ್ತೆ ಕಣೆ. ಸಂಕ್ರಾಂತಿ ಆಗ್ಬೋದು. ಅವಸರ ಮಾಡಿದ್ರೆ ಕೂದಲು ಕೇಳುತ್ತಾ?"

ಇನ್ನು ಮೂರು ತಿಂಗಳು. ಅಂದರೆ ದಿನಾ ಬೇಸನ್ನಿನ ಮೇಲೆ ಬಗ್ಗಿದಾಗಲೆಲ್ಲ ಬೀಳುತ್ತದೆ. ಬಟ್ಟೆ ಸಡಿಲ ಬಿಟ್ಟರೆ ಇನ್ನೂ ಬೀಳುತ್ತದೆ. ಚಿನ್ನಮ್ಮನ ಜಡೆ ಹೋದರೂ ಬೀಳುತ್ತದೆ. ಕಾರಣ ಗೊತ್ತಿಲ್ಲದಿದ್ದಾಗ ನಾಳೆ ನಿಂತೀತು ಎಂಬ ಆಸೆಯಾದರೂ ಇತ್ತು. ಈಗ ಅದೂ ಇಲ್ಲ. ನಿಜ ಹೇಳಿದರೆ ಬೇಸನ್ನು ಹೋಯಿತು. ಹೇಳದಿದ್ದರೆ ಆ ಹುಡುಗಿಯ ಜಡೆ ಹೋಯಿತು, ಮೂರನೇ ಸಲ ಲಡಿ ವಾಪಸ್ ಬಂತು, ಆರು ಜನರ ಕೂಲಿಯೂ ಹೋಯಿತು.

ಐದು ಗಂಟೆಯ ಬಸ್ಸು ಹತ್ತಿ ಕೆಂಗಲ್‌ನಲ್ಲಿ ಇಳಿದಳು. ಆಂಜನೇಯನ ಗುಡಿಯ ಕಡೆ ನಿಂತಲ್ಲಿಂದಲೇ ಕೈ ಮುಗಿದು, ಚಿನ್ನಮ್ಮನ ಮನೆಯ ಓಣಿಗೆ ತಿರುಗಿದಳು. ಹೇಳಬೇಕಾದ ಮಾತನ್ನು ಬಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡಿದ್ದಳು. ಜಡೆ ಕತ್ತರಿಸಬೇಡ ಕಣವ್ವ, ಅದು ನಂದು.

ಓಣಿಯ ತಿರುವಿನಲ್ಲಿ ನಿಂತುಬಿಟ್ಟಳು. ಚಿನ್ನಮ್ಮ ಮನೆಯ ಜಗಲಿಯ ಮೇಲೆ ಬೆನ್ನು ಮಾಡಿ ಕೂತಿದ್ದಳು. ಅವಳವ್ವ ಹಿಂದೆ ಕೂತು, ಕೊಬ್ಬರಿ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟುಕೊಂಡು, ಎಣ್ಣೆ ಹಚ್ಚಿ ಹಚ್ಚಿ ಬಾಚುತ್ತಿದ್ದಳು. ಕೂದಲು ಜಗಲಿಯ ಕೆಳಗೆ ಇಳಿಬಿದ್ದಿತ್ತು. ಅವ್ವ ನಿಧಾನವಾಗಿ ಮೂರು ಕಾಲು ಮಾಡಿ ಹೆಣೆಯತೊಡಗಿದಳು.

ವರಲಕ್ಷ್ಮಮ್ಮನ ಮನಸ್ಸು ಆ ಗಳಿಗೆಯಲ್ಲಿ ಒಂದು ಸುಳ್ಳು ಹೆಣೆಯಿತು. ಕತ್ತರಿಸುವವರು ಹೀಗೆ ಎಣ್ಣೆ ಹಚ್ಚುತ್ತಾರೆಯೇ? ಜಡೆ ಹಾಕುತ್ತಾರೆಯೇ? ಇಲ್ಲ, ಇವಳು ಕತ್ತರಿಸುವುದಿಲ್ಲ. ಅವ್ವ ಒಪ್ಪಿರಲಿಕ್ಕಿಲ್ಲ. ಎರಡು ದಿನ ಮನೆಯಲ್ಲಿರುತ್ತಾಳೆ, ಅಮೀರಣ್ಣನ ಕೋಪ ಇಳಿಯುತ್ತದೆ, ಅವನೇ ಕರೆಸುತ್ತಾನೆ. ಹಾಗಿದ್ದ ಮೇಲೆ ಇವತ್ತೇ ಹೇಳುವ ಅವಸರವೇನು?

ಬಂದ ದಾರಿಯಲ್ಲೇ ವಾಪಸ್ ನಡೆದಳು. ಬಸ್ಸಿನಲ್ಲಿ ಸೀಟು ಸಿಕ್ಕಿತು. ಕೂತಳು. ಮನೆಯಲ್ಲಿ ಅತ್ತೆಗೆ, "ಇವತ್ತಿಂದ ನಂಗೂ ಮುದ್ದೆ ಹಾಕಿ, ಸರಸಮ್ಮ ಹೇಳವ್ಳೆ" ಅಂದಳು. ಅತ್ತೆ ದೊಡ್ಡಲಕ್ಷ್ಮಮ್ಮ, "ನಾಳೆ ಕಾಲು ಹಿಡ್ಕಂಡ್ರೆ ನನ್ನ ಕೇಳಬೇಡ" ಅಂತ ಮುದ್ದೆ ಹಾಕಿದಳು. ಎರಡು ತುತ್ತು ಮುರಿದು, ತಟ್ಟೆ ಸರಿಸಿ ಎದ್ದಳು.

ಶನಿವಾರ ಬೆಳಗ್ಗೆ ಅವಳು ಹೋಗುವ ಹೊತ್ತಿಗೆ ಚಿನ್ನಮ್ಮ ಆಗಲೇ ಬಂದು ಬೇಸನ್ನಿಗೆ ನೀರು ತುಂಬುತ್ತಿದ್ದಳು. ಕತ್ತಿನ ಹತ್ತಿರ ಕತ್ತರಿಸಿದ ಕೂದಲು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಕತ್ತು ಬೆಳ್ಳಗೆ, ತೆಳ್ಳಗೆ, ಬೇರೆ ಯಾರದ್ದೋ ಕತ್ತಿನ ಹಾಗೆ ಕಾಣುತ್ತಿತ್ತು.

"ಅವ್ವ ನೆನ್ನೆ ಕೊನೇ ಸಲ ಅಂತ ಎಣ್ಣೆ ಹಚ್ಚಿ, ಹೆಣೆದು, ಆಮೇಲೆ ಕತ್ತರಿ ಹಾಕಿದ್ಲು," ಅಂದಳು, ಯಾರೂ ಕೇಳದೆಯೇ. "ಕತ್ತರಿ ಮೊಂಡು. ಬಟ್ಟೆ ಕತ್ತರಿಸೋದು."

ಅಮೀರ್ ಬಾಗಿಲಲ್ಲಿ ನಿಂತು ನೋಡಿದ. ತಿರುಗಿ ಗೂಡಿನ ಚೀಲ ಎಣಿಸಲು ಹೋದ. ಗುರುವಾರ ಆಡಿದ ಮಾತು ಇಷ್ಟು ದೂರ ಹೋಗುತ್ತದೆಂದು ಅವನೂ ಎಣಿಸಿರಲಿಲ್ಲ. ಕೋಪದಲ್ಲಿ ಆಡಿದವನಿಗೆ ಮಾತು ಅಲ್ಲೇ ಮುಗಿದಿರುತ್ತದೆ, ಕೇಳಿಸಿಕೊಂಡವರು ಅದನ್ನು ಮನೆಗೆ ಹೊತ್ತೊಯ್ಯುತ್ತಾರೆ.

ವರಲಕ್ಷ್ಮಮ್ಮ ತನ್ನ ಜಾಗದಲ್ಲಿ ಕೂತಳು. ಕೈ ಕೆಲಸ ಮಾಡಿತು. ಗೂಡು ಹಾಕಿತು, ಎಳೆ ಎತ್ತಿತು, ರಾಟೆಗೆ ಕೊಟ್ಟಿತು. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ಕತ್ತರಿಸಿ ಆಗಿಹೋದ ಮೇಲೆ ಹೇಳಿ ಏನು ಪ್ರಯೋಜನ, ಅಂತ ಮನಸ್ಸು ಮತ್ತೆ ಹೆಣೆಯತೊಡಗಿತ್ತು.

ಹನ್ನೊಂದರ ಹೊತ್ತಿಗೆ ಚಿನ್ನಮ್ಮನ ಕೈ ನಿಂತಿತು.

ಬೇಸನ್ನಿನ ನೀರಿನ ಮೇಲೆ, ಕುಣಿಯುವ ಗೂಡುಗಳ ನಡುವೆ, ಒಂದು ಉದ್ದನೆಯ ಕೂದಲು ಸುತ್ತಿ ಸುತ್ತಿ ತೇಲುತ್ತಿತ್ತು. ಒಂದು ತುದಿ ಆಗಲೇ ಎಳೆಗೆ ಅಂಟಿ ಮೇಲೇಳುತ್ತಿತ್ತು. ಚಿನ್ನಮ್ಮ ಬೆರಳಿಟ್ಟು ಎತ್ತಿದಳು. ತನ್ನ ಕತ್ತಿನ ಹತ್ತಿರ ಕೈ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಕೂದಲಿನ ಬುಡವನ್ನು ಕಣ್ಣ ಹತ್ತಿರ ತಂದು ನೋಡಿದಳು. ಹತ್ತೊಂಬತ್ತರ ಕಣ್ಣಿಗೆ ಕನ್ನಡಕ ಬೇಕಿಲ್ಲ. ಆ ಬಿಳುಪಿನಿಂದ ಕಣ್ಣೆತ್ತಿ ವರಲಕ್ಷ್ಮಮ್ಮನ ಮುಖ ನೋಡಿದಳು.

ಕೂಗಲಿಲ್ಲ. ಅಮೀರನನ್ನು ಕರೆಯಲಿಲ್ಲ. ಸುಮ್ಮನೆ ನೋಡುತ್ತಲೇ ಇದ್ದಳು. ಮೇಲೆ ರಾಟೆ ತಿರುಗುತ್ತಲೇ ಇತ್ತು.

ಬೈದಿದ್ದರೆ ವರಲಕ್ಷ್ಮಮ್ಮ ಇನ್ನೊಂದು ಸುಳ್ಳು ಹೇಳಿ ಬದುಕುತ್ತಿದ್ದಳೋ ಏನೋ. ಆ ನೋಟದ ಕೆಳಗೆ ಆಗಲಿಲ್ಲ. ಎದ್ದು ರಾಟೆಯ ಹಿಡಿ ಹಿಡಿದು ನಿಲ್ಲಿಸಿದಳು.

"ಅಮೀರಣ್ಣ, ಇಲ್ಲಿ ಬನ್ನಿ."

ಅವನು ಬಂದ. ಉಳಿದವರೂ ತಿರುಗಿದರು. ವರಲಕ್ಷ್ಮಮ್ಮ ತಲೆಯ ಬಟ್ಟೆಯ ಗಂಟು ಬಿಚ್ಚಿದಳು, ಕೂದಲ ಗಂಟೂ ಬಿಚ್ಚಿದಳು. ಒಂದು ಕಾಲಕ್ಕೆ ಕೈಗೆ ಸಿಗದಷ್ಟು ದಪ್ಪವಿದ್ದದ್ದು ಹೆಬ್ಬೆರಳಿನಷ್ಟಾಗಿತ್ತು. ಬೈತಲೆ ಅಗಲವಾಗಿ ಕಾಣುತ್ತಿತ್ತು. ಬೆರಳಾಡಿಸಿ, ಬಂದ ಕೂದಲನ್ನು ಅವನ ಮುಂದೆ ಹಿಡಿದಳು.

"ಬುಡ ನೋಡಿ, ಬಿಳುಪು ಐತೆ. ಗುರುವಾರದ್ದೂ ನಂದೇ. ಹೋದ ವಾರದ್ದೂ ನಂದೇ. ಗೊತ್ತಿದ್ದೂ ಹೇಳಲಿಲ್ಲ."

"ಗೊತ್ತಿತ್ತಾ?" ಅಂದ ಅಮೀರ್. "ಗುರುವಾರನೇ?"

"ಹೂಂ."

"ಈ ಹುಡುಗಿ ತಲೆ ಮೇಲೆ ನಾನು ಕಲ್ಲು ಹಾಕ್ತಾ ಇದ್ದಾಗ ನೀನು ನಿಂತು ನೋಡ್ತಿದ್ದೆ." ಅವನ ದನಿ ಏರತೊಡಗಿತು. "ಹನ್ನೊಂದು ವರ್ಷ. ಯಾರನ್ನ ನಂಬದಿದ್ರೂ ನಿನ್ನ ನಂಬಿದ್ದೆ. ಎದ್ದೋಗು, ಎದ್ದು ಆಚೆ ಹೋಗು ಮೊದ್ಲು."

"ಹೋಗ್ತೀನಿ. ಒಂದು ಮಾತು ಹೇಳಿ ಹೋಗ್ತೀನಿ." ಸರಸಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಜ್ವರ, ಮೂರು ತಿಂಗಳು, ಪಥ್ಯ, ಬಿಗಿದ ಬಟ್ಟೆ. "ಹುಳ ಸಾಕಿರೋರಿಗೆ ನಾನೇನು ಹೇಳ್ಲಿ, ಹುಳ ಪೊರೆ ಬಿಡೋಕೆ ಮುಂಚೆ ಮೇವು ಬಿಟ್ಟು ಸುಮ್ನೆ ತಲೆ ಎತ್ತಿ ಕೂತಿರುತ್ತಲ್ಲ, ಅಂಗೇ. ನಿಂತದ್ದು ಮೊದಲು, ಉದುರೋದು ಆಮೇಲೆ. ಇದು ಶಾಪ ಅಲ್ಲ. ನನ್ನ ಕಳಿಸಿದ್ರೂ ನಿಮ್ಮ ನೂಲಿಗೆ ಕೂದಲು ಬೀಳೋದು ನಿಲ್ಲಲ್ಲ ಅಮೀರಣ್ಣ. ಈ ಶೆಡ್ಡಲ್ಲಿ ಜ್ವರ ಬಂದಿದ್ದು ನಂಗೊಬ್ಬಳಿಗೇನಾ?"

ಒಲೆಯ ಹತ್ತಿರದಿಂದ ಮಾರಕ್ಕ ಕೆಮ್ಮಿದಳು. "ನಂಗೂ ಉದುರ್ತಾ ಐತೆ," ಅಂದಳು, ಬೆಂಕಿಯ ಕಡೆಗೇ ಮುಖ ಮಾಡಿಕೊಂಡು. "ದಿಂಬಿನ ತುಂಬ."

"ಮೊನ್ನೆ ಇಲ್ಲ ಅಂದ್ಯಲ್ಲ ಮಾರಕ್ಕ."

"ಶಾಪ ಅಂದ್ಕಂಡಿದ್ದೆ. ಶಾಪ ಯಾರಾದ್ರೂ ಒಪ್ಕಂತಾರಾ?"

ಇನ್ನೊಬ್ಬಳು ತಲೆಯ ಬಟ್ಟೆ ಬಿಚ್ಚಿದಳು. ಅಮೀರ್ ಒಬ್ಬೊಬ್ಬರನ್ನೇ ನೋಡಿದ. ಹೊಸ್ತಿಲ ಮೇಲೆ ಹೋಗಿ ಕೂತ. ಉಪವಾಸದ ಬಾಯಿ ಒಣಗಿತ್ತು. "ನಮ್ಮ ಮನೆಯವರಿಗೂ ಉದುರ್ತಾ ಐತೆ," ಅಂದ. "ಶಾಂಪೂ ಬದಲಾಯಿಸಿ ಬದಲಾಯಿಸಿ ಸಾಕಾಯ್ತು."

ಅವನು ಅವಳನ್ನು ಆಚೆ ಕಳಿಸಲಿಲ್ಲ. ಹಾಗೆಂದು ಕ್ಷಮಿಸಲೂ ಇಲ್ಲ. ಉದುರುವುದು ನಿಲ್ಲುವವರೆಗೆ ಬೇಸನ್ನಿನ ಹತ್ತಿರ ಬರಕೂಡದು, ಗೂಡು ಆರಿಸುವ ಮಂಚದಲ್ಲಿ ಕೂರಬೇಕು, ಅಂದ. ಅಲ್ಲಿ ಕೂಲಿ ಕಡಿಮೆ, ಹೊಸದಾಗಿ ಸೇರಿದವರು ಮಾಡುವ ಕೆಲಸ. ಕೊನೆಯ ಬೇಸನ್ನಿನ ಯಜಮಾನಿಕೆ ಚಿನ್ನಮ್ಮನಿಗೆ. ಎಲ್ಲರಿಗೂ ಸ್ನಾನಕ್ಕೆ ಹಾಕುವ ಪ್ಲಾಸ್ಟಿಕ್ ಟೋಪಿ ತರಿಸುತ್ತೇನೆ, ದಿನಾ ಎರಡು ಸಲ ಬೇಸನ್ನಿನ ನೀರು ಸೋಸಬೇಕು, ಅಂದ. ಚಿನ್ನಮ್ಮನ ಹತ್ತಿರ ಹೋಗಿ ನಿಂತು, "ತಪ್ಪಾಯ್ತಮ್ಮ" ಅಂದು ತಟಕ್ಕನೆ ಹೊರಗೆ ಹೋದ. ಅಷ್ಟು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೋ ಅವನ ಬೆನ್ನು ಹೇಳುತ್ತಿತ್ತು.

ವರಲಕ್ಷ್ಮಮ್ಮ ಮಂಚದ ಹತ್ತಿರ ಹೋಗುವ ಮೊದಲು ಚಿನ್ನಮ್ಮನ ಮುಂದೆ ನಿಂತಳು. "ನೆನ್ನೆ ನಿಮ್ಮ ಓಣಿವರೆಗೂ ಬಂದಿದ್ದೆ ಕಣಮ್ಮಿ. ಹೇಳಬೇಕು ಅಂತಲೇ."

"ಬಂದಿದ್ಯಾ?"

"ನಿಮ್ಮವ್ವ ಎಣ್ಣೆ ಹಚ್ತಾ ಇದ್ಲು. ಕತ್ತರಿಸಲ್ಲ ಅಂದ್ಕಂಡೆ."

ಚಿನ್ನಮ್ಮ ನೀರಿನೊಳಗಿನ ಗೂಡುಗಳನ್ನು ಕಲಕಿದಳು. "ಇದಕ್ಕಿಂತ ಬರದೇ ಇದ್ದಿದ್ರೆ ವಾಸಿಯಾಗಿತ್ತು ಅಕ್ಕ," ಅಂದಳು. "ನಿಂದು ಜ್ವರ ಉದುರಿಸ್ತು. ನಂದು ನೀನು."

ವರಲಕ್ಷ್ಮಮ್ಮ ಮಂಚದಲ್ಲಿ ಕೂತು ಗೂಡು ಆರಿಸತೊಡಗಿದಳು. ಕಲೆ ಬಿದ್ದದ್ದು ಒಂದು ಕಡೆ, ತೂತಾದದ್ದು ಒಂದು ಕಡೆ. ನಾಲ್ಕು ದಿನ ಇಬ್ಬರ ನಡುವೆ ಒಂದು ಮಾತೂ ಹುಟ್ಟಲಿಲ್ಲ. ಚಿನ್ನಮ್ಮನ ನೂಲು ಪದೇ ಪದೇ ತುಂಡಾಗುತ್ತಿತ್ತು. ಒಂದು ವರ್ಷದ ಕಲಿಕೆ, ಒಬ್ಬಳೇ ಸಂಭಾಳಿಸಲು ಸಾಲದು. ವರಲಕ್ಷ್ಮಮ್ಮ ಕೂತಲ್ಲಿಂದ ನೋಡುತ್ತಿದ್ದಳು. ಎದ್ದು ಹೋಗಲು ಅವಳಿಗೆ ಅಪ್ಪಣೆಯೂ ಇರಲಿಲ್ಲ, ಮುಖವೂ ಇರಲಿಲ್ಲ.

ಐದನೇ ದಿನ ಚಿನ್ನಮ್ಮ ಬೆರಳು ಸುಟ್ಟುಕೊಂಡಳು. ಎಳೆಯ ತುದಿ ಸಿಗದೆ, ಗೂಡುಗಳು ಬೆಂದು ಬೆಂದು ಕರಗುತ್ತಿದ್ದವು. ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು, ತಿರುಗದೆಯೇ ಅಂದಳು:

"ಅಲ್ಲೇ ಕೂತು ನೋಡ್ತಾ ಇರ್ತೀಯೋ, ಬಂದು ಹೇಳ್ತೀಯೋ?"

ವರಲಕ್ಷ್ಮಮ್ಮ ಗಡಬಡಿಸಿ ಎದ್ದಳು. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಬಂದು, ಅಭ್ಯಾಸದಂತೆ ಬೇಸನ್ನಿನ ಮೇಲೆ ಬಗ್ಗಿದಳು. ಚಿನ್ನಮ್ಮ ಒದ್ದೆ ಅಂಗೈಯನ್ನು ಅವಳ ಹಣೆಗೆ ಒತ್ತಿ ಹಿಂದಕ್ಕೆ ತಳ್ಳಿದಳು.

"ತಲೆ ಅತ್ಲಾಗಿಟ್ಕೊಂಡು ಹೇಳು."

ವರಲಕ್ಷ್ಮಮ್ಮ ಒಂದು ಹೆಜ್ಜೆ ಹಿಂದೆ ನಿಂತಳು. "ನೀರು ಜಾಸ್ತಿ ಕಾದೈತೆ," ಅಂದಳು. "ಒಂದು ಚೊಂಬು ತಣ್ಣೀರು ಬಿಡು. ಈಗ ತುದಿ ಹಿಡಿಯೋಕೆ ಬ್ರಷ್ಷು ಹಾಕು, ಮೆಲ್ಲಗೆ. ಎಳೀಬೇಡ. ತಾನೇ ಬತ್ತೈತೆ."